ರೆಕಾರ್ಡುಗಳ ನೆಂಟಸ್ತನ

ಮನೆಗೆ ಬಂದವರು ಗೋಡೆಯುದ್ದಕ್ಕೂ ನಿಂತಿರುವ ರೆಕಾರ್ಡುಗಳನ್ನು ನೋಡಿದರೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: "ನಿಮ್ಮದು ಹಿಂದೂಸ್ತಾನಿಯೋ, ಕರ್ನಾಟಕವೋ?" ನಾನು ಉತ್ತರ ಹುಡುಕುವಷ್ಟರಲ್ಲಿ ಅವರ ಕಣ್ಣು ಮೈಲ್ಸ್ ಡೇವಿಸ್ ಮೇಲೆ ಬಿದ್ದಿರುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಪಿ. ಕಾಳಿಂಗರಾಯರು, ಅವರ ಮಗ್ಗುಲಿಗೆ 'ಸನಾದಿ ಅಪ್ಪಣ್ಣ'. "ಓಹೋ, ಎಲ್ಲಾ ಥರದ್ದೂ ಇದೆ" ಅಂದು ಕಾಫಿ ಲೋಟಕ್ಕೆ ಕೈ ಹಾಕುತ್ತಾರೆ. ಯಾವುದರಲ್ಲೂ ನೆಟ್ಟಗಿಲ್ಲದ ಮನುಷ್ಯ ಎಂದು ಮನಸ್ಸಿನಲ್ಲೇ ಬರೆದುಕೊಂಡದ್ದು ಮುಖದಲ್ಲಿ ಕಾಣುತ್ತದೆ. ಕಾಣಲಿ.

ಕೇಳುಗರೇ, ನನ್ನ ಕಪಾಟಿನಲ್ಲೂ ಒಂದು ಕ್ರಮ ಇದೆ. ಅಂಗಡಿಯವರಿಗೆ ವಿಂಗಡಣೆ ಬೇಕೇ ಬೇಕು. ಶಾಸ್ತ್ರೀಯ, ಸುಗಮ, ಚಿತ್ರಗೀತೆ, ಭಕ್ತಿ, ಪಾಶ್ಚಾತ್ಯ ಎಂದು ಚೀಟಿ ಅಂಟಿಸದಿದ್ದರೆ ಗಿರಾಕಿಗೆ ಬೇಕಾದ್ದು ಸಿಕ್ಕುವುದಿಲ್ಲ. ಮನೆಯಲ್ಲಿ ನನಗೆ ಆ ತಾಪತ್ರಯ ಇಲ್ಲ. ಮದುವೆ ಮನೆಯಲ್ಲಿ ಹಿರಿಯ ಹೆಂಗಸರು ಕೂತು, ಇವಳು ನಮ್ಮತ್ತೆಯ ಸೋದರಮಾವನ ಮೊಮ್ಮಗಳಲ್ಲವೇ ಎಂದು ನಂಟು ಬಿಡಿಸುತ್ತಾರಲ್ಲ, ಹಾಗೆ ನಾನು ರೆಕಾರ್ಡುಗಳನ್ನು ನೆಂಟಸ್ತನ ನೋಡಿ ಜೋಡಿಸುತ್ತೇನೆ. ಒಂದೇ ಊರಿನ ನೀರು ಕುಡಿದವರು, ಒಂದೇ ಗುರುವಿನ ಮನೆಯವರು, ಒಂದೇ ಸ್ಟುಡಿಯೋದಲ್ಲಿ ನುಡಿಸಿದವರು ಅಕ್ಕಪಕ್ಕ ಇರುತ್ತಾರೆ. ಇವತ್ತು ಅಂಥ ಕೆಲವು ನಂಟುಗಳನ್ನು ಬಿಡಿಸಿ ಹೇಳುತ್ತೇನೆ.

ಎಡಗಡೆಯ ಮೊದಲ ಖಾನೆ ಗೌಹರ್ ಜಾನ್ ಅವರದು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಹೋಟೆಲಿನ ಕೋಣೆಯಲ್ಲಿ ಯಂತ್ರ ಹೂಡಿದಾಗ ಅದರ ಮುಂದೆ ನಿಂತು ಹಾಡಿದ ಗಾಯಕಿ ಅವರು. ಮೈಕು ಬರಲು ಇನ್ನೂ ಇಪ್ಪತ್ತು ಚಿಲ್ಲರೆ ವರ್ಷ ಇತ್ತು. ದೊಡ್ಡದೊಂದು ತುತ್ತೂರಿಯ ಬಾಯಿಗೆ ಮುಖ ಒಡ್ಡಿ ಹಾಡಬೇಕು. ತಾರಸ್ವರ ಬಂದಾಗ ಹಿಂದೆ ಸರಿಯಬೇಕು, ಮಂದ್ರಕ್ಕೆ ಇಳಿದಾಗ ಮುಂದೆ ಬಾಗಬೇಕು. ರಾತ್ರಿಯೆಲ್ಲ ಮೆಹಫಿಲ್ ನಡೆಸುವವರಿಗೆ ಸಿಗುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಎಷ್ಟೋ ಉಸ್ತಾದರು ಇದು ಸಂಗೀತಕ್ಕೆ ಮಾಡುವ ಅವಮಾನ ಎಂದು ದೂರ ಉಳಿದರು. ಗೌಹರ್ ಅವರ ಲೆಕ್ಕವೇ ಬೇರೆ. ಆಲಾಪದ ಎಳೆಯೊಂದು, ಬಂದಿಶ್, ಎರಡು ಕಡೆ ಮಿಂಚಿನಂಥ ತಾನು. ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಸಾರಿ ಮುಗಿಸುತ್ತಿದ್ದರು. ಮೇಣದ ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಯಾಗಿ ಬರಬೇಕಿತ್ತಲ್ಲ, ಅಲ್ಲಿನ ಕೆಲಸಗಾರರಿಗೆ ಇದು ಯಾರ ದನಿ ಎಂದು ತಿಳಿಯಲಿ ಎಂದು ಈ ಏರ್ಪಾಡು. ಹೆಸರು ಹೇಳುವ ಆ ದನಿಯಲ್ಲಿರುವ ಠೀವಿಯನ್ನು ಕೇಳಲಿಕ್ಕೆಂದೇ ನಾನು ಮುಳ್ಳನ್ನು ಕೊನೆಯ ಗೆರೆಯವರೆಗೂ ಬಿಡುತ್ತೇನೆ.

ಆ ತಟ್ಟೆಗಳ ಮುಖ್ಯ ಪದಾರ್ಥ ಅರಗು. ಪಾಂಡವರನ್ನು ಸುಡಲು ಮನೆ ಕಟ್ಟಿದರಲ್ಲ, ಅದೇ ಅರಗು. ನಮ್ಮ ದೇಶದ ಕಾಡುಮರಗಳ ಕೊಂಬೆಗೆ ಅಂಟಿಕೊಂಡ ಹುಳು ಸುರಿಸುವ ರಾಳಕ್ಕೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತುತ್ತಿದ್ದರು. ಹೀಗಾಗಿ ಇಟಲಿಯ ಕರೂಸೋ ಹಾಡಿದರೂ ಅಮೆರಿಕದ ಆರ್ಮ್‌ಸ್ಟ್ರಾಂಗ್ ತುತ್ತೂರಿ ಊದಿದರೂ ಆ ಕಾಲದ ತಟ್ಟೆಯಲ್ಲಿ ನಮ್ಮ ಕಾಡಿನ ಪಾಲು ಇರುತ್ತಿತ್ತು. ಇಲ್ಲಿ ಒಂದು ಕಿವಿಮಾತು: ಅಜ್ಜನ ಕಾಲದ ತಟ್ಟೆಗಳು ನಿಮ್ಮ ಅಟ್ಟದ ಮೇಲಿದ್ದರೆ ಸ್ಪಿರಿಟ್ ಹಾಕಿ ಒರೆಸಬೇಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಕೊಳೆಯ ಜೊತೆ ಹಾಡೂ ಹೋಗುತ್ತದೆ. ಒಂದರ ಮೇಲೊಂದು ಪೇರಿಸಲೂ ಬೇಡಿ, ನೆಟ್ಟಗೆ ನಿಲ್ಲಿಸಿ ಇಡಿ.

ಗೌಹರ್ ಜಾನ್ ತಮ್ಮ ಕೊನೆಗಾಲಕ್ಕೆ ಬಂದದ್ದು ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಸೇರಿ, 1930ರ ಜನವರಿಯಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಆಗ ಅದೇ ಮೈಸೂರಿನ ರಾಜಮನೆತನದಲ್ಲಿ ಹತ್ತು ವರ್ಷದ ಹುಡುಗನೊಬ್ಬನಿದ್ದ. ನನ್ನ ಲೆಕ್ಕದಲ್ಲಿ, ಕನ್ನಡ ನಾಡು ಕಂಡ ಅತಿ ದೊಡ್ಡ ರೆಕಾರ್ಡುಪ್ರೇಮಿ ಅವನೇ. ಆದ್ದರಿಂದ ಗೌಹರ್ ಪಕ್ಕದ ಖಾನೆಯಲ್ಲಿ ರಷ್ಯದ ನಿಕೊಲಾಯ್ ಮೆಟ್ನರ್ ಇದ್ದಾರೆ.

ಆ ಹುಡುಗನೇ ಮುಂದೆ ಮಹಾರಾಜರಾದ ಜಯಚಾಮರಾಜ ಒಡೆಯರು. ಹುಟ್ಟಿದ್ದು 1919ರಲ್ಲಿ. ಪಿಯಾನೋ ಕಲಿತರು, ಕಛೇರಿ ಕೊಡುವ ಪಿಯಾನೋ ವಾದಕರಾಗಬೇಕು, ರಾಕ್ಮನಿನೋಫರ ಬಳಿ ಪಾಠ ಹೇಳಿಸಿಕೊಳ್ಳಬೇಕು ಎಂಬುದು ಅವರ ಆಸೆ. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ಗತಿಸಿದರು. 21ರ ತರುಣ ಸಿಂಹಾಸನಕ್ಕೆ ಬಂದದ್ದಾಯಿತು. ಪಿಯಾನೋ ಕಛೇರಿಯ ಮಾತು ಅಲ್ಲಿಗೆ ಮುಗಿಯಿತು. ನುಡಿಸಲಾಗದಿದ್ದರೇನು, ಕೇಳಬಹುದಲ್ಲ. ಅವರು ಕೂಡಿಸಿದ್ದ ರೆಕಾರ್ಡುಗಳು ಸುಮಾರು 20,000 ಎಂದು ಅಂದಾಜು. ಲಂಡನ್ನಿನ ಹೆಸರಾಂತ ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದವರು, ಅರಮನೆಯ ಆ ಭಂಡಾರವನ್ನೂ ಸಾಲುಗಟ್ಟಿದ ಧ್ವನಿವರ್ಧಕಗಳನ್ನೂ ದೊಡ್ಡ ಪಿಯಾನೋಗಳನ್ನೂ ಕಂಡು ಬೆರಗಾದರು.

ಕೂಡಿಸಿಟ್ಟುಕೊಳ್ಳುವ ಶ್ರೀಮಂತರು ಎಲ್ಲ ಕಾಲದಲ್ಲೂ ಇದ್ದಾರೆ. ಒಡೆಯರು ಒಂದು ಹೆಜ್ಜೆ ಮುಂದೆ ಹೋದರು: ತಮಗೆ ಬೇಕಾದ ರೆಕಾರ್ಡು ಲೋಕದಲ್ಲೇ ಇಲ್ಲದಿದ್ದರೆ ಅದನ್ನು ಮಾಡಿಸಿದರು. ಮೆಟ್ನರ್ ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ನಂತರ ದೇಶ ಬಿಟ್ಟು, ಕಡೆಗೆ ಲಂಡನ್ನಿನಲ್ಲಿ ನೆಲೆ ನಿಂತಿದ್ದ ಸಂಗೀತ ರಚನಕಾರರು. ರಾಕ್ಮನಿನೋಫರ ಆಪ್ತ ಗೆಳೆಯರು. ಇಬ್ಬರೂ ಒಬ್ಬರಿಗೊಬ್ಬರು ತಂತಮ್ಮ ಕನ್ಚರ್ಟೊ ಅರ್ಪಿಸಿಕೊಂಡವರು. ಆದರೂ ಅರವತ್ತು ದಾಟಿದಾಗ ಮೆಟ್ನರ್ ಬಡವರು, ಹೃದ್ರೋಗಿ, ಬಹುಪಾಲು ಜನ ಮರೆತಿದ್ದ ಹೆಸರು. ಅಂಥ ಹೊತ್ತಿನಲ್ಲಿ ಸಾವಿರಾರು ಮೈಲಿ ದೂರದ ಮೈಸೂರಿನ ಮಹಾರಾಜರು ದುಡ್ಡು ಕೊಟ್ಟು ಮೆಟ್ನರ್ ಸೊಸೈಟಿ ಕಟ್ಟಿಸಿ, ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಎಚ್‌ಎಂವಿ ತಟ್ಟೆಗಳಾಗಿ ಹೊರತರುವ ಏರ್ಪಾಡು ಮಾಡಿದರು. ಫಿಲ್ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಅವರ ಮೂರೂ ಪಿಯಾನೋ ಕನ್ಚರ್ಟೊಗಳು ದಾಖಲಾದವು. ಮೂರನೆಯದನ್ನು ಮೆಟ್ನರ್ ಅರ್ಪಿಸಿರುವುದು ಮೈಸೂರಿನ ಮಹಾರಾಜರಿಗೆ. 1951ರಲ್ಲಿ ಅವರು ತೀರಿಕೊಂಡಾಗ ಅವರ ಕೈಯ ನುಡಿಸಾಣಿಕೆ ತಟ್ಟೆಗಳಲ್ಲಿ ಭದ್ರವಾಗಿತ್ತು.

ಮೆಟ್ನರ್ ಮೊದಲ ಸಲಕ್ಕೆ ಒಲಿಯುವವರಲ್ಲ. ಎತ್ತಿಕೊಂಡು ಗುನುಗಲು ಒಂದು ಸಾಲು ಸಿಗುವುದು ಕಷ್ಟ, ಎಡಗೈ ಒಂದು ಲೆಕ್ಕ ಹೇಳಿದರೆ ಬಲಗೈ ಇನ್ನೊಂದು. ಕನ್ಚರ್ಟೊಗಳಿಗಿಂತ ಅವರ 'ಕಥೆಗಳು' ಎಂಬ ಸಣ್ಣ ಪಿಯಾನೋ ರಚನೆಗಳಿಂದ ಶುರು ಮಾಡುವುದು ವಾಸಿ. ತನಿ ಆವರ್ತನ ಕೇಳಿ ರೂಢಿಯಿರುವ ಕಿವಿಗೆ ಆ ಎರಡು ಕೈಗಳ ಲೆಕ್ಕಾಚಾರ ಬೇಗ ಹಿಡಿಸುತ್ತದೆ ಎಂಬುದು ನನ್ನ ಅನುಭವ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್ 1948ರಲ್ಲಿ, 84ರ ವಯಸ್ಸಿನಲ್ಲಿ, ಕೆಲವು ಹಾಡುಗಳನ್ನು ಬರೆದರು. ಜಗತ್ತು ಅವನ್ನು 'ಕೊನೆಯ ನಾಲ್ಕು ಹಾಡುಗಳು' ಎಂದು ಕರೆಯುತ್ತದೆ. ಅವು ಸಭೆಯಲ್ಲಿ ಕೇಳಿಸುವ ಮುನ್ನವೇ, 1949ರಲ್ಲಿ, ಸ್ಟ್ರಾಸ್ ತೀರಿಕೊಂಡರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವನ್ನು ಮೊದಲ ಬಾರಿಗೆ ಹಾಡಿದರು. ವಾದ್ಯವೃಂದದ ಮುಂದೆ ಫುರ್ಟ್‌ವೆಂಗ್ಲರ್. ಆ ಕಛೇರಿಗೆ 4,800 ಡಾಲರುಗಳ ಭರವಸೆ ನಿಂತವರು ಜಯಚಾಮರಾಜ ಒಡೆಯರು. ಅವರಿಗೆ ಸ್ವತಃ ಹೋಗಲಾಗಲಿಲ್ಲ. ಕಛೇರಿಯನ್ನು ಮುದ್ರಿಸಿ ಮೈಸೂರಿಗೆ ಕಳಿಸಬೇಕೆಂಬುದು ಏರ್ಪಾಡು. ಆ ಮುದ್ರಣ ಈಗ ಸಿ.ಡಿ. ರೂಪದಲ್ಲೂ ದೊರೆಯುತ್ತದೆ. ಗರಗರ ಸದ್ದು, ನಡುನಡುವೆ ದನಿ ಮುಳುಗುತ್ತದೆ. ಇದೇ ಹಾಡುಗಳ ಶುಭ್ರವಾದ ಮುದ್ರಣಗಳು ಬೇಕಾದಷ್ಟಿವೆ, ಎಲಿಸಬೆತ್ ಶ್ವಾರ್ಜ್‌ಕಾಫ್ ಅವರದಂತೂ ಬಹಳ ಹೆಸರಾದದ್ದು. ನಾನು ಮತ್ತೆ ಮತ್ತೆ ಹಾಕುವುದು ಗರಗರದ್ದನ್ನೇ. ಸಂಗೀತದ ಜೊತೆಗೆ ಅದರಲ್ಲಿ ಒಬ್ಬ ಕೇಳುಗನ ಹಟವೂ ಇದೆ.

ಇದೇ ದೊರೆ, ಗಮನಿಸಿ, ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತಕ್ಕೆ ತಿರುಗಿ 'ಶ್ರೀವಿದ್ಯಾ' ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ನಿಮ್ಮದು ಯಾವ ಕಡೆ ಎಂದು ಅವರನ್ನು ಕೇಳಲು ಯಾರಿಗೆ ತಾನೆ ಧೈರ್ಯವಿತ್ತು!

ಮುಂದಿನ ಖಾನೆ ಧಾರವಾಡ-ಹುಬ್ಬಳ್ಳಿಯದು. ಇಲ್ಲಿ ಹಿರಿಯರು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು. ಉತ್ತರದಲ್ಲಿ ಹುಟ್ಟಿ ಮಿರಜದಲ್ಲಿ ನೆಲೆಸಿ, ಧಾರವಾಡದ ಸೀಮೆಗೆ ತಮ್ಮ ಗಾಯನದ ದಾರಿ ಹಾಕಿಕೊಟ್ಟವರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಖಾನ್ ಸಾಹೇಬರ ಝಿಂಝೋಟಿಯ ಠುಮ್ರಿಯ ರೆಕಾರ್ಡು ಚಿಕ್ಕಂದಿನಲ್ಲಿ ಕಿವಿಗೆ ಬಿದ್ದು, ಹೀಗೆ ಹಾಡಲು ಕಲಿಸುವ ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟು ಓಡಿದ ಹುಡುಗ ಭೀಮಸೇನ ಜೋಶಿ. ಆಗ ಅವನಿಗೆ ವಯಸ್ಸು 11. ರೆಕಾರ್ಡು ಕೇಳಿ ತಲೆದೂಗುವವರು ಲಕ್ಷ ಜನ. ಟಿಕೆಟ್ಟಿಲ್ಲದೆ ರೈಲು ಹತ್ತುವವನು ಒಬ್ಬ. ಊರೂರು ಅಲೆದು ಆತ ಕಡೆಗೆ ಗುರುವನ್ನು ಕಂಡದ್ದು ಮನೆಯಿಂದ ಬಹಳ ದೂರವಿಲ್ಲದ ಕುಂದಗೋಳದಲ್ಲೇ, ಅದೇ ಖಾನ್ ಸಾಹೇಬರ ಶಿಷ್ಯರಲ್ಲಿ.

ಖಾನ್ ಸಾಹೇಬರ ರೆಕಾರ್ಡುಗಳಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಅವರು ಹಾಡಿರುವ ತ್ಯಾಗರಾಜರ ಖರಹರಪ್ರಿಯ ಕೃತಿಯನ್ನು. ತೆಲುಗಿನ ಉಚ್ಚಾರ ಅಲ್ಲಲ್ಲಿ ಎಡವುತ್ತದೆ, ಗಮಕ ನಮ್ಮ ಕಡೆಯ ಹಾಗಿಲ್ಲ. ಆದರೂ ಆ ದನಿ ಷಡ್ಜಕ್ಕೆ ಬಂದು ನಿಲ್ಲುವ ರೀತಿ ಇದೆಯಲ್ಲ, ಅದಕ್ಕೆ ತಂಬೂರಿಯ ತಂತಿಯೇ ಸರಿಸಾಟಿ. ದಕ್ಷಿಣದ ವಿದ್ವಾಂಸರ ಕಛೇರಿಗಳನ್ನು ಕೂತು ಕೇಳಿ, ಅಲ್ಲಿನ ಸ್ವರಪ್ರಸ್ತಾರವನ್ನು ತಮ್ಮ ಹಾಡಿಕೆಗೆ ತಂದುಕೊಂಡವರು ಅವರು. 1937ರಲ್ಲಿ ಪುದುಚೇರಿಯ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಕೊನೆಯುಸಿರೆಳೆದರು.

ಪಕ್ಕದಲ್ಲೇ ಗಂಗೂಬಾಯಿ ಹಾನಗಲ್ ಅವರ ಎರಡು ರೆಕಾರ್ಡುಗಳನ್ನು ಒಂದಕ್ಕೊಂದು ಅಂಟಿಸಿದ ಹಾಗೆ ಇಟ್ಟಿದ್ದೇನೆ. ಒಂದು ಆರಂಭದ ದಿನಗಳದು, 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದದ್ದು. ತೆಳ್ಳನೆಯ, ಎತ್ತರದ, ಎಳೆಯ ಹೆಣ್ಣುದನಿ. ಇನ್ನೊಂದು ಗಂಟಲಿನ ಶಸ್ತ್ರಚಿಕಿತ್ಸೆಯಾದ ಎಷ್ಟೋ ವರ್ಷಗಳ ನಂತರದ ಎಲ್.ಪಿ.; ನಾವೆಲ್ಲ ಬಲ್ಲ ಆ ಗಂಡುಗಂಭೀರ ಕಂಠ. ಎರಡನ್ನೂ ಬೆನ್ನು ಬೆನ್ನಿಗೆ ಹಾಕಿ ಕೇಳಿಸಿದರೆ ಒಬ್ಬರೇ ಎಂದು ಯಾರೂ ನಂಬುವುದಿಲ್ಲ. ಮೊದಲನೆಯ ದನಿ ಹಾಗೇ ಉಳಿದಿದ್ದರೆ ಒಳ್ಳೆಯ ಗಾಯಕಿಯೊಬ್ಬರು ಸಿಗುತ್ತಿದ್ದರು. ಎರಡನೆಯದರಿಂದ ಗಂಗೂಬಾಯಿ ಸಿಕ್ಕರು.

ಮಲ್ಲಿಕಾರ್ಜುನ ಮನ್ಸೂರರು ಇದೇ ಸಾಲಿನ ತುದಿಯಲ್ಲಿದ್ದಾರೆ. ಎಳವೆಯಲ್ಲೇ ಎಚ್‌ಎಂವಿಗೆ ಹಾಡಿದವರು. ಆದರೆ ಲೋಕ ಅವರನ್ನು ಪೂರ್ತಿಯಾಗಿ ಕಂಡುಕೊಂಡದ್ದು ಕೂದಲು ಹಣ್ಣಾದ ಮೇಲೆ, ಎಲ್.ಪಿ.ಗಳ ಕಾಲದಲ್ಲಿ. ನಿಮಿಷಕ್ಕೆ 78 ಸುತ್ತಿನ ತಟ್ಟೆ ಹೋಗಿ 33⅓ ಸುತ್ತಿನದು ಬಂದಾಗ ರಾಗಕ್ಕೆ ಒಂದು ಪಕ್ಕದಲ್ಲಿ ಇಪ್ಪತ್ತು ನಿಮಿಷಕ್ಕೂ ಮೀರಿ ಜಾಗ ಸಿಕ್ಕಿತು. ಭೀಮಸೇನರ ವಿಲಂಬಿತಕ್ಕೆ ಇದರಿಂದ ಉಸಿರಾಡಲು ಬಂತು. ಮನ್ಸೂರರದು ಬೇರೆ ಜಾಯಮಾನ. ಮೊದಲ ಸ್ವರಕ್ಕೇ ಮನೆಯ ಬಾಗಿಲು ಪೂರ್ತಿ ತೆರೆದುಬಿಡುವ ಗಾಯಕ. ಅಪರೂಪದ ರಾಗವೊಂದನ್ನು ಅವರು ಮೂರು ನಿಮಿಷದಲ್ಲಿ ಹಾಡಿದರೂ ಅಷ್ಟೇ, ಮೂವತ್ತು ನಿಮಿಷದಲ್ಲಿ ಹಾಡಿದರೂ ಅಷ್ಟೇ, ಎಲ್ಲೂ ಒಂದು ಸ್ವರ ಸೊರಗುವುದಿಲ್ಲ. ಅವರ ಗುರುಗಳು ಮಂಜಿಖಾನ್ ಮತ್ತು ಬುರ್ಜಿಖಾನ್. ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಕ್ಕಳು. ಈ ಮನೆತನವನ್ನು ಸ್ವಲ್ಪ ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಇನ್ನು ತಂತಿಯ ಮೇಲೆ ಜಾರುವವರ ಖಾನೆ. ಇಲ್ಲಿ ಮೂರು ಲೋಕಗಳವರಿದ್ದಾರೆ. ಮೈಸೂರಿನ ಆಸ್ಥಾನದಲ್ಲಿದ್ದ ಗೋಟುವಾದ್ಯದ ನಾರಾಯಣ ಅಯ್ಯಂಗಾರ್ಯರು ಮೆಟ್ಟಿಲಿಲ್ಲದ ತಂತಿಯ ಮೇಲೆ ಕೊರಡು ಜಾರಿಸಿ ನುಡಿಸುತ್ತಿದ್ದರು. ಬ್ರಿಜ್ ಭೂಷಣ್ ಕಾಬ್ರಾ ಹವಾಯಿಯಿಂದ ಬಂದ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಲಿ ಅಕ್ಬರ್ ಖಾನರ ಪಾಠವನ್ನು ನುಡಿಸಿದರು. 1967ರ 'ಕಾಲ್ ಆಫ್ ದಿ ವ್ಯಾಲಿ'ಯಲ್ಲಿ ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಬಾನ್ಸುರಿಯ ಜೊತೆ ಕೇಳುವ ಗಿಟಾರ್ ಅವರದು. ಕಾಶ್ಮೀರದ ಕುರಿಗಾಹಿಯ ಒಂದು ದಿನ ಎಂಬ ಕಥೆಯನ್ನು ಆಹಿರ್ ಭೈರವ್‌ನಿಂದ ಪಹಾಡಿಯವರೆಗೆ ಹೊತ್ತಿಗೆ ತಕ್ಕ ರಾಗಗಳಲ್ಲಿ ಹೆಣೆದ ರೆಕಾರ್ಡು. ಪಂಡಿತರು ಅದನ್ನು ಹಗುರ ಎನ್ನುತ್ತಾರೆ. ಶಾಸ್ತ್ರೀಯ ಸಂಗೀತದ ಗಾಳಿಯೇ ಸುಳಿಯದ ಮನೆಗಳಿಗೆ ರಾಗ ಹೊಕ್ಕದ್ದು ಆ 'ಹಗುರ'ದ ಬಾಗಿಲಿನಿಂದ ಎಂಬುದನ್ನು ಅವರು ಮರೆಯಬಾರದು. ಮೂರನೆಯವರು ಅಮೆರಿಕದ ಟೆಕ್ಸಾಸಿನ ಕುರುಡ ಗಾಯಕ, ಬ್ಲೈಂಡ್ ವಿಲ್ಲಿ ಜಾನ್ಸನ್. 1927ರಲ್ಲಿ ಅವರು ಮುದ್ರಿಸಿದ ಒಂದು ಪಕ್ಕದಲ್ಲಿ ಮಾತೇ ಇಲ್ಲ. ಗಿಟಾರಿನ ತಂತಿ ಜಾರುತ್ತ ಮಿಡಿಯುತ್ತದೆ, ಅದರ ಬೆನ್ನಿಗೇ ಗಂಟಲು ನರಳುತ್ತ ಗುನುಗುತ್ತದೆ. ಶಿಲುಬೆಗೇರುವ ಮುನ್ನಿನ ರಾತ್ರಿಯ ಹಳೆಯ ಕೀರ್ತನೆಯೊಂದರಿಂದ ಎತ್ತಿಕೊಂಡ ಹೆಸರು ಅದಕ್ಕಿದೆ. ಗಮಕ ಎಂದರೇನು ಎಂದು ಕೇಳಿದ ನನ್ನ ಗೆಳೆಯರೊಬ್ಬರಿಗೆ ನಾನು ಹಾಕಿ ಕೇಳಿಸಿದ್ದು ಇದನ್ನೇ. ಜಾನ್ಸನ್ ಬಡತನದಲ್ಲೇ 1945ರಲ್ಲಿ ತೀರಿಕೊಂಡರು. ಇವರನ್ನೂ ನೆನಪಿನಲ್ಲಿಡಿ.

ಈಗ ನ್ಯೂಯಾರ್ಕಿಗೆ ಹೋಗೋಣ. ಮ್ಯಾನ್‌ಹಟನ್ನಿನ 30ನೇ ಬೀದಿಯಲ್ಲಿ ಒಂದು ಹಳೆಯ ಚರ್ಚು ಇತ್ತು. ಕೊಲಂಬಿಯಾ ಕಂಪನಿ ಅದನ್ನು ಕೊಂಡು ಸ್ಟುಡಿಯೋ ಮಾಡಿತು. ಮರದ ನೆಲ, ಬಹಳ ಎತ್ತರದ ಮಾಳಿಗೆ, ಬಣ್ಣ ಬಳಿದು ದನಿ ಕೆಡಿಸಬಾರದೆಂಬ ಎಚ್ಚರ. 1955ರ ಜೂನಿನಲ್ಲಿ ಅಲ್ಲಿಗೆ ಕೆನಡಾದ 22 ವರ್ಷದ ಗ್ಲೆನ್ ಗೂಲ್ಡ್ ಬಂದು, ಕಾಲು ಕತ್ತರಿಸಿ ತಗ್ಗು ಮಾಡಿದ ತಮ್ಮದೇ ಮಡಚುಕುರ್ಚಿ ಹಾಕಿ ಕೂತು, ಬಾಕ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ನುಡಿಸಿದರು. ಒಂದು ಆರಿಯಾ, ಅದರ ತಳದ ಸ್ವರಗಳ ಮೇಲೆ ಕಟ್ಟಿದ 30 ರೂಪಗಳು. ಸುಮಾರು 38 ನಿಮಿಷದಲ್ಲಿ ಮುಗಿಸಿದರು, ಒಳ್ಳೆಯ ದ್ರುತ್. 1981ರಲ್ಲಿ ಅದೇ ಸ್ಟುಡಿಯೋಗೆ ಮರಳಿ ಅದೇ ಕೃತಿಯನ್ನು ಮತ್ತೆ ನುಡಿಸಿದಾಗ 51 ನಿಮಿಷ ತೆಗೆದುಕೊಂಡರು. ಮರುವರ್ಷ ತೀರಿಕೊಂಡರು. ಜನ ಎರಡರಲ್ಲಿ ಯಾವುದು ಮೇಲು ಎಂದು ಜಗಳವಾಡುತ್ತಾರೆ. ಮೊದಲನೆಯದರಲ್ಲಿ ಬೆರಳು ಮುಂದೆ ಓಡಿ ಮನಸ್ಸನ್ನು ಎಳೆದುಕೊಂಡು ಹೋಗುತ್ತದೆ, ಎರಡನೆಯದರಲ್ಲಿ ಮನಸ್ಸು ಬೆರಳನ್ನು ಹಿಡಿದು ನಡೆಸುತ್ತದೆ. ನನ್ನ ಓಟು ಎರಡನೆಯದಕ್ಕೆ. ಎರಡರಲ್ಲೂ ಪಿಯಾನೋ ಹಿಂದೆ ಗೂಲ್ಡ್ ಗುನುಗುವುದು ಕೇಳುತ್ತದೆ. ಎಷ್ಟು ಬೇಡಿಕೊಂಡರೂ ನಿಲ್ಲಿಸಲಾಗಲಿಲ್ಲವಂತೆ. ವೀಣೆ ನುಡಿಸುತ್ತ ಒಳಗೊಳಗೇ ಸಾಹಿತ್ಯ ಹೇಳಿಕೊಳ್ಳುವವರನ್ನು ಕಂಡ ನಮಗೆ ಅದೊಂದು ತೊಂದರೆಯೇ ಅಲ್ಲ.

ಅದೇ ಕೋಣೆಯಲ್ಲಿ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಮೈಲ್ಸ್ ಡೇವಿಸ್ 'ಕೈಂಡ್ ಆಫ್ ಬ್ಲೂ' ಮಾಡಿದರು. ಜೊತೆಯಲ್ಲಿ ಜಾನ್ ಕೋಲ್ಟ್ರೇನ್, ಬಿಲ್ ಇವಾನ್ಸ್ ಮೊದಲಾದವರು. ಅಲ್ಲಿಯವರೆಗೆ ಜಾಝ್ ನುಡಿಸುವವರು ಮಾತ್ರೆಗೊಮ್ಮೆ ಬದಲಾಗುವ ಸ್ವರಮೇಳಗಳ ಬೆನ್ನು ಹತ್ತಿ ಓಡುತ್ತಿದ್ದರು. ಮೈಲ್ಸ್ ಅದನ್ನು ಬಿಟ್ಟು ಒಂದು ಸ್ವರಶ್ರೇಣಿ ಕೊಟ್ಟು, ಇದರೊಳಗೆ ತಿರುಗಾಡಿ ಎಂದರು. ಇದೇ ನಮ್ಮ ರಾಗ ಎಂದು ಎದೆ ತಟ್ಟಿಕೊಳ್ಳುವವರ ಜೊತೆ ನಾನು ಸೇರುವುದಿಲ್ಲ. ರಾಗಕ್ಕೆ ನಡೆ ಇದೆ, ಹಿಡಿಯಬೇಕಾದ ಸ್ವರ, ಬಿಡಬೇಕಾದ ಸ್ವರ ಇದೆ. ಅಲ್ಲಿ ಇರುವುದು ಬರೀ ಮೇಳ. ಅವಸರವಿಲ್ಲದ ಗುಣ ಮಾತ್ರ ನಮ್ಮವರಿಗೆ ಕೂಡಲೇ ಗುರುತು ಸಿಗುವಂಥದ್ದು. ಕೋಲ್ಟ್ರೇನ್ ಮುಂದೆ ನಮ್ಮ ಸಂಗೀತದ ಕಡೆ ಗಾಢವಾಗಿ ವಾಲಿ, ಮಗನಿಗೆ ರವಿಶಂಕರರ ನೆನಪಿಗೆ ರವಿ ಎಂದು ಹೆಸರಿಟ್ಟರು.

ಈ ರೆಕಾರ್ಡಿನದೊಂದು ತಮಾಷೆ ಇದೆ. ಮಾರ್ಚ್ ತಿಂಗಳಿನ ಮುದ್ರಣದಲ್ಲಿ ಟೇಪು ಯಂತ್ರ ಕೊಂಚ ನಿಧಾನವಾಗಿ ಓಡಿತ್ತು. ತಟ್ಟೆ ಮಾಡುವಾಗ ಸರಿಯಾದ ವೇಗದಲ್ಲಿ ಹಾಕಿದ್ದರಿಂದ ಮೊದಲ ಪಕ್ಕದ ಮೂರೂ ರಚನೆಗಳು ಶ್ರುತಿಯಲ್ಲಿ ಸ್ವಲ್ಪ ಮೇಲೇರಿಬಿಟ್ಟವು. ರೆಕಾರ್ಡಿನ ಜೊತೆ ನುಡಿಸಿ ಕಲಿಯುವ ಹುಡುಗರು ತಮ್ಮ ವಾದ್ಯದ ಶ್ರುತಿ ಏಕೆ ಕೂಡುತ್ತಿಲ್ಲ ಎಂದು ಒದ್ದಾಡುತ್ತಿದ್ದರು. ಅದನ್ನು ತಿದ್ದಿ ಹೊರತಂದದ್ದು 1992ರಲ್ಲಿ! ಮೂವತ್ತಕ್ಕೂ ಹೆಚ್ಚು ವರ್ಷ ಲೋಕವೇ ಕೊಂಡಾಡಿದ ಪಕ್ಕ ಅದು. ನಮ್ಮ ತಂಬೂರಿಯವರ ಕೈಗೆ ಕೊಟ್ಟಿದ್ದರೆ ಒಂದು ಸಂಜೆಯಲ್ಲಿ ಕಂಡುಹಿಡಿಯುತ್ತಿದ್ದರೇನೋ.

ಬಾಕ್ ಎಂದೆನಲ್ಲ, ಅಲ್ಲಿಂದ ಕನ್ನಡ ಚಿತ್ರಗೀತೆಗೆ ಎರಡೇ ಹೆಜ್ಜೆ. 1986ರಲ್ಲಿ ಬಾಕ್ ಮತ್ತು ತ್ಯಾಗರಾಜರನ್ನು ಒಂದೇ ಚಾವಡಿಯಲ್ಲಿ ಕೂರಿಸಿ 'ಹೌ ಟು ನೇಮ್ ಇಟ್' ಎಂಬ ರೆಕಾರ್ಡು ಮಾಡಿದ ಇಳಯರಾಜ, ತರುಣನಾಗಿದ್ದಾಗ ನಮ್ಮ ಜಿ.ಕೆ. ವೆಂಕಟೇಶರ ಬಳಿ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿದವರು. ಆ ವೆಂಕಟೇಶರೇ 1966ರ 'ಸಂಧ್ಯಾರಾಗ'ಕ್ಕೆ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರನ್ನೂ ಕರೆತಂದು ಹಾಡಿಸಿದರು; 1977ರ 'ಸನಾದಿ ಅಪ್ಪಣ್ಣ'ಕ್ಕೆ ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ತಂದರು. ಅದರಲ್ಲಿ ಎಸ್. ಜಾನಕಿಯವರ ಕಂಠ ಶಹನಾಯಿಯ ಹಿಂದೆಯೇ ಹೋಗಿ ಅದರ ತಿರುವುಗಳನ್ನು ಒಂದೊಂದಾಗಿ ಹಿಡಿಯುವುದನ್ನು ಕೇಳಿ. ಇದನ್ನು ಚಿತ್ರಗೀತೆ ಎಂಬ ಖಾನೆಗೆ ತಳ್ಳಿ ಕೈ ತೊಳೆದುಕೊಳ್ಳುವವರಿಗೆ ಏನೆನ್ನಬೇಕು?

ಕಾಳಿಂಗರಾಯರು ಯಾವ ಖಾನೆಗೂ ಒಗ್ಗದೆ ಎಲ್ಲರ ಜೊತೆಯೂ ಹೊಂದುವ ನೆಂಟರು. ಉಡುಪಿಯ ಕಡೆಯ ಆರೂರಿನಲ್ಲಿ ಹುಟ್ಟಿ, ನಾಟಕ ಕಂಪನಿಯಲ್ಲಿ ಬೆಳೆದು, ಶಾಸ್ತ್ರೀಯವನ್ನೂ ಅರೆದು ಕುಡಿದು, ಸಿನಿಮಾದಲ್ಲೂ ಕೈಯಾಡಿಸಿ, ಕಡೆಗೆ ಕನ್ನಡ ಕವಿತೆಗೆ ದನಿಯಾದವರು. ಮೋಹನಕುಮಾರಿ, ಸೋಹನಕುಮಾರಿ ಸೋದರಿಯರ ಜೊತೆ ಅವರು ಹಾಡಿದ ಜನಪದ ಗೀತೆಗಳ ತಟ್ಟೆಗಳು, ರಾಜರತ್ನಂ ಅವರ ರತ್ನನ ಪದಗಳು ನನ್ನಲ್ಲಿ ಸವೆದು ಬೆಳ್ಳಗಾಗಿವೆ. ರತ್ನನ ಕುಡಿತದಲ್ಲಿ ಅವರು ಒಮ್ಮೆಯೂ ನಾಲಗೆ ತೊದಲಿಸಿ ಅಗ್ಗದ ನಗು ತರಿಸುವುದಿಲ್ಲ. ಮತ್ತು ಏನಿದ್ದರೂ ಸ್ವರದಲ್ಲಿದೆ. ಅವರ ನಂತರ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಕ್ಯಾಸೆಟ್ಟಿನ ಕಾಲದಲ್ಲಿ ಭಾವಗೀತೆಯನ್ನು ಮನೆಮನೆಗೆ ಒಯ್ದರು. ಆ ಕಥೆಯನ್ನು ಈ ನಿಲಯದಿಂದಲೇ ಎಷ್ಟೋ ಜನ ಹೇಳಿದ್ದಾರೆ, ನಾನು ಬಿಡುತ್ತೇನೆ.

ಹಳೆಯ ತಟ್ಟೆಯ ನಾದವೇ ನಾದ, ಇಂದಿನದೆಲ್ಲ ಸಪ್ಪೆ ಎನ್ನುವ ಪಂಗಡವೊಂದು ಈಚೆಗೆ ಹುಟ್ಟಿಕೊಂಡಿದೆ. ನಾನು ಅದರ ಸದಸ್ಯನಲ್ಲ. ಫೋನಿನಲ್ಲಿ ಬರುವ ಸಂಗೀತ ಎಷ್ಟೋ ಸಲ ಹೆಚ್ಚು ಸ್ವಚ್ಛ. ನಾನು ರೆಕಾರ್ಡು ಬಿಡದಿರುವುದಕ್ಕೆ ಕಾರಣ ಬೇರೆ: ಅದು ಮುಗಿಯುತ್ತದೆ. ಪಕ್ಕ ಮುಗಿದಾಗ ಎದ್ದು ಹೋಗಿ ತಿರುಗಿಸಬೇಕು, ಅಥವಾ ಇನ್ನೊಂದನ್ನು ಆರಿಸಬೇಕು. ಆ ಆರಿಸುವ ಗಳಿಗೆಯಲ್ಲೇ ಖರಹರಪ್ರಿಯದಿಂದ ಮೈಲ್ಸ್‌ಗೆ ದಾಟುವ ಬುದ್ಧಿ ಬರುವುದು. ತಾನಾಗಿ ಹರಿದು ಬರುವ ಹಾಡು ಕೇಳುತ್ತ ಕೂತರೆ ಒಂದೇ ಥರದ್ದು ಸಾಲುಗಟ್ಟಿ ಬರುತ್ತಿರುತ್ತದೆ.

ನೆನಪಿನಲ್ಲಿಡಿ ಎಂದದ್ದನ್ನೆಲ್ಲ ಈಗ ಒಟ್ಟಿಗೆ ತರುತ್ತೇನೆ. 1977ರಲ್ಲಿ ಅಮೆರಿಕ ಎರಡು ವಾಯೇಜರ್ ನೌಕೆಗಳನ್ನು ಸೌರಮಂಡಲದಾಚೆಗೆ ಹೋಗುವಂತೆ ಹಾರಿಸಿತು. ಒಂದೊಂದರಲ್ಲೂ ಚಿನ್ನದ ಲೇಪದ ತಾಮ್ರದ ರೆಕಾರ್ಡು, ನಿಮಿಷಕ್ಕೆ 16⅔ ಸುತ್ತಿನದು, ಜೊತೆಗೆ ಮುಳ್ಳು ಸಹಿತ. ಎಂದಾದರೂ ಯಾವುದಾದರೂ ಲೋಕದವರ ಕೈಗೆ ಸಿಕ್ಕರೆ ಕೇಳಲಿ ಎಂದು. 55 ಭಾಷೆಗಳಲ್ಲಿ ಶುಭಾಶಯ ಇದೆ, ಕನ್ನಡವೂ ಅದರಲ್ಲಿ ಒಂದು. ಸಂಗೀತದ 27 ತುಣುಕುಗಳು. ಕಾರ್ಲ್ ಸೇಗನ್ ಮತ್ತು ಸಂಗಡಿಗರು ಆರಿಸಿದ ಆ ಪಟ್ಟಿಯಲ್ಲಿ ಗೂಲ್ಡ್ ನುಡಿಸಿದ ಬಾಕ್ ಇದೆ. ಬ್ಲೈಂಡ್ ವಿಲ್ಲಿ ಜಾನ್ಸನ್ನರ ಆ ಮಾತಿಲ್ಲದ ನರಳಿಕೆ ಇದೆ. ಚಕ್ ಬೆರ್ರಿಯ ರಾಕ್ ಅಂಡ್ ರೋಲ್ ಇದೆ. ಮತ್ತೆ ನಮ್ಮ ದೇಶದಿಂದ ಹೋದ ಒಂದೇ ಒಂದು: ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ. ಕೇಸರ್‌ಬಾಯಿ ಅಲ್ಲಾದಿಯಾ ಖಾನರ ಶಿಷ್ಯೆ, ಅಂದರೆ ನಮ್ಮ ಮನ್ಸೂರರಿಗೆ ಘರಾಣೆಯ ಲೆಕ್ಕದಲ್ಲಿ ಸ್ವಂತ ಮನೆಯವರು. ಅವರ ಆ ಹಾಡು ಮೂರೂವರೆ ನಿಮಿಷದ್ದು. ಗೌಹರ್ ಜಾನ್ ತುತ್ತೂರಿಯ ಮುಂದೆ ನಿಂತು ಕಲಿತ ಆ ಅಳತೆಯಲ್ಲೇ ನಮ್ಮ ಸಂಗೀತ ನಕ್ಷತ್ರಗಳ ದಾರಿ ಹಿಡಿಯಿತು. ಎರಡನೆಯ ನೌಕೆ ಹೊರಟ ಕೆಲವೇ ದಿನಗಳಲ್ಲಿ, ಅದೇ ಸೆಪ್ಟೆಂಬರಿನಲ್ಲಿ, ಕೇಸರ್‌ಬಾಯಿ ತೀರಿಕೊಂಡರು.

ಕರ್ನಾಟಕ ಸಂಗೀತದ ಒಂದು ತುಣುಕೂ ಅಲ್ಲಿಲ್ಲವಲ್ಲ ಎಂಬ ತಕರಾರು ನನಗೆ ಇದ್ದೇ ಇದೆ. ಸೋಜಿಗವೆಂದರೆ ಕೇಸರ್‌ಬಾಯಿಯವರನ್ನು ಸೂಚಿಸಿದ ರಾಬರ್ಟ್ ಬ್ರೌನ್ ದಕ್ಷಿಣದ ಮೃದಂಗದ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರು. ಮೃದಂಗದವರೇ ಭೈರವಿಗೆ ಕೈ ಎತ್ತಿದ ಮೇಲೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ? ಆದರೆ ಕೇಸರ್‌ಬಾಯಿಯವರ ಆ ರೆಕಾರ್ಡು ಅಂಗಡಿಗಳಿಂದ ಮಾಯವಾಗಿತ್ತು. ಸೇಗನ್ನರ ತಂಡದ ಆನ್ ಡ್ರುಯನ್ ನ್ಯೂಯಾರ್ಕಿನಲ್ಲೆಲ್ಲ ಹುಡುಕಿ, ಕಡೆಗೆ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಭಾರತೀಯ ಕುಟುಂಬವೊಂದು ನಡೆಸುತ್ತಿದ್ದ, ಮನೆಬಳಕೆಯ ಯಂತ್ರಗಳನ್ನು ಮಾರುವ ಅಂಗಡಿಗೆ ಹೋದರು. ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿ ಅದರ ಮೂರು ಪ್ರತಿಗಳು ಹೊದಿಕೆ ಬಿಚ್ಚದೆ ಬಿದ್ದಿದ್ದವು. ಬೇಕಿದ್ದದ್ದು ಒಂದು; ಆಕೆ ಮೂರನ್ನೂ ಕೊಂಡರು. ಏಕೆಂದು ಅಂಗಡಿಯವರಿಗೆ ಅರ್ಥವಾಗಿರಲಿಕ್ಕಿಲ್ಲ. ರೆಕಾರ್ಡು ಕೂಡಿಸುವವರಿಗಂತೂ ವಿವರಿಸಬೇಕಾದ್ದೇ ಇಲ್ಲ.